ಪ್ರಾರ್ಥನೆಗೆ ಬಾಕಿ ಲೆಕ್ಕ ಇಲ್ಲ

ಫೆಬ್ರವರಿ ಎರಡನೇ ವಾರ ಬಂತೆಂದರೆ, ವರ್ಷದೊಳಗೆ ಸತ್ಯವೇದವನ್ನು (ಬೈಬಲನ್ನು) ಪೂರ್ತಿ ಓದುತ್ತೇವೆಂದು ಜನವರಿಯಲ್ಲಿ ಹೊರಟ ನಮ್ಮ ಚರ್ಚಿನ ಸಭೆಯ ಒಳ್ಳೊಳ್ಳೆಯವರೇ ತಲೆ ತಗ್ಗಿಸಿ ಓಡಾಡಲು ಶುರು ಮಾಡುತ್ತಾರೆ. ಆರಾಧನೆ ಮುಗಿದು ಬಾಗಿಲ ಬಳಿ ಕೈಕುಲುಕುವಾಗ ಮೆಲ್ಲನೆ ಒಂದು ಮಾತು: “ಅಯ್ಯನವರೇ, ಹನ್ನೆರಡು ದಿನದ ಓದು ಬಾಕಿ ಉಂಟು. ಬರುವ ಆದಿತ್ಯವಾರ ಮಧ್ಯಾಹ್ನ ಕೂತು ಎಲ್ಲ ಮುಗಿಸಿಬಿಡ್ತೇನೆ.” ಸೊಸೈಟಿಯ ಸಾಲದ ಕಂತು ತಪ್ಪಿದವರ ಮುಖ ಹೇಗಿರುತ್ತದೋ ಹಾಗೆಯೇ ಇರುತ್ತದೆ ಆ ಮುಖ. ಮುಂದಿನ ಆದಿತ್ಯವಾರ ಬಾಕಿ ಹತ್ತೊಂಬತ್ತು ದಿನಕ್ಕೆ ಏರಿರುತ್ತದೆ. ಮಾರ್ಚ್‌ ಹೊತ್ತಿಗೆ ಸತ್ಯವೇದ ಪುನಃ ಶೋಕೇಸಿನೊಳಗೆ.

ಎಲ್ಲರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಅದಕ್ಕೆ ಲೆಕ್ಕವೂ ಇದೆ. ಸತ್ಯವೇದದಲ್ಲಿ 1189 ಅಧ್ಯಾಯಗಳು. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಓದಬೇಕು. ಜನವರಿ 1ರಿಂದ ದಿನಕ್ಕೆ ಮೂರರಂತೆ ಹೊರಟರೆ ಆದಿಕಾಂಡದ 50, ವಿಮೋಚನಕಾಂಡದ 40 ಸೇರಿ ಸರಿಯಾಗಿ ಮೂವತ್ತು ದಿನ. ಜನವರಿ 31ಕ್ಕೆ ಮೂರನೇ ಪುಸ್ತಕ, ಯಾಜಕಕಾಂಡ. ಫೆಬ್ರವರಿ 4ರ ಪಾಲಿಗೆ ಬರುವುದು ಅದರ 13, 14, 15ನೇ ಅಧ್ಯಾಯಗಳು. ಚರ್ಮದ ಕಲೆಗಳ ಪರೀಕ್ಷೆ, ಬಟ್ಟೆಯ ಕಲೆ, ಮನೆಗೋಡೆಯ ಕಲೆ, ಮೈಲಿಗೆ ಕಳೆಯುವ ಕ್ರಮ, ಒಟ್ಟು 149 ವಚನ. ಬೆಳಿಗ್ಗೆ ಗಂಜಿಗೆ ಇಟ್ಟು, ಮಕ್ಕಳನ್ನು ಬಸ್ಸಿಗೆ ಹತ್ತಿಸುವ ನಡುವೆ ಇದನ್ನು ಓದಿ ಮನಸ್ಸು ಅರಳಬೇಕೆಂದರೆ ಹೇಗೆ ಮಾರಾಯ್ರೆ? ಯಾಜಕಕಾಂಡದ್ದೇನೂ ತಪ್ಪಿಲ್ಲ, ಅದನ್ನು ಆ ವೇಗದಲ್ಲಿ, ಆ ಹೊತ್ತಿನಲ್ಲಿ, ಒಬ್ಬರೇ ಓದಲು ಹೊರಟದ್ದು ತಪ್ಪು.

ಆದರೆ ನನಗೆ ತಾಳ್ಮೆ ಕೆಡುವುದು ತಪ್ಪಿದ ದಿನಗಳ ಬಗ್ಗೆ ಅಲ್ಲ, ‘ಬಾಕಿ’ ಎಂಬ ಆ ಶಬ್ದದ ಬಗ್ಗೆ. ವಿಮೋಚನಕಾಂಡ 16ನ್ನು ನಿಧಾನವಾಗಿ ಓದಿ ನೋಡಿ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವನ್ನು ಕೂಡಿಸಿಕೊಳ್ಳಬೇಕಾದದ್ದು ತಲೆಗೆ ಒಂದು ಓಮೆರ್ ಅಳತೆ, ಅಂದಿನದು ಅಂದಿಗೆ. ನಾಳೆಗಿರಲಿ ಎಂದು ಉಳಿಸಿದವರ ಪಾತ್ರೆಯಲ್ಲಿ ಹುಳ ಬಿದ್ದು ನಾರಿತು. ಇಷ್ಟನ್ನು ಸಂಡೇಸ್ಕೂಲಿನ ಮಕ್ಕಳೂ ಹೇಳುತ್ತಾರೆ. ದೊಡ್ಡವರು ಗಮನಿಸದೆ ಹೋಗುವುದು 21ನೇ ವಚನ: ಬಿಸಿಲೇರಿದಾಗ ಅದು ಕರಗಿ ಹೋಗುತ್ತಿತ್ತು. ಅಂದರೆ ನಿನ್ನೆ ನೀವು ಹೆಕ್ಕದೆ ಬಿಟ್ಟ ಮನ್ನ ಇವತ್ತು ನಿಮಗಾಗಿ ಕಾಯುತ್ತಾ ಬಿದ್ದಿಲ್ಲ. ಅದು ನಿನ್ನೆಯೇ ಕರಗಿತು. ನೆಲದ ಮೇಲಿರುವುದು ಇವತ್ತಿನದು ಮಾತ್ರ. ಹನ್ನೆರಡು ದಿನ ತಪ್ಪಿಸಿದವನು ಹದಿಮೂರನೇ ದಿನ ಹದಿಮೂರು ಓಮೆರ್ ಹೆಕ್ಕಬೇಕೆಂಬ ಆಜ್ಞೆ ಎಲ್ಲೂ ಇಲ್ಲ, ಒಂದೇ ಓಮೆರ್. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೂ ನಾವು ಕೇಳುವುದು ಅನುದಿನದ ಆಹಾರ, ಅದೂ ಈ ಹೊತ್ತಿಗೆ.

“ಹಾಗಾದರೆ ತಪ್ಪಿಸಿದರೂ ಅಡ್ಡಿಯಿಲ್ಲವಾ?” ಎಂದು ಮರುಪ್ರಶ್ನೆ ಬರುತ್ತದೆ. ಅಡ್ಡಿ ಉಂಟು. ತಪ್ಪಿಸಿದ ದಿನ ಹೊಟ್ಟೆ ಖಾಲಿ, ಅದರ ನಷ್ಟ ನಿಜವಾದದ್ದೇ. ಆದರೆ ಹಸಿವು ಬೇರೆ, ಸಾಲ ಬೇರೆ. ಹಸಿದವನು ಊಟಕ್ಕೆ ಬರುತ್ತಾನೆ, ಸಾಲಗಾರ ಬೀದಿ ತಪ್ಪಿಸಿ ನಡೆಯುತ್ತಾನೆ. ಬಾಕಿ ಲೆಕ್ಕ ಇಟ್ಟವರು ದೇವರಿಗೆ ಮುಖ ತಪ್ಪಿಸುವುದು ಇದಕ್ಕೇ. ಜರ್ಮನಿಯ ಹೆರ್ನ್‌ಹುಟ್ ಊರಿನ ಕ್ರೈಸ್ತ ಸಭೆಯವರು 1731ರಿಂದ ವರ್ಷ ವರ್ಷವೂ ಅಚ್ಚು ಹಾಕುತ್ತಿರುವ ದಿನವಾಕ್ಯದ ಪುಸ್ತಕ ನಿಂತಿರುವುದೂ ಈ ತಿಳಿವಿನ ಮೇಲೆಯೇ: ಒಂದು ತಾರೀಕು, ಒಂದು ವಾಕ್ಯ. ನಿನ್ನೆಯ ತಾರೀಕು ನಿನ್ನೆಗೇ ಮುಗಿಯಿತು.

ಇನ್ನು ಅಳತೆಯ ಮಾತು. ಆರಂಭಕ್ಕೆ ಹದಿನೈದು ನಿಮಿಷ ಸಾಕು, ಒಂದು ಗಂಟೆಯ ಸಂಕಲ್ಪ ದಯವಿಟ್ಟು ಬೇಡ. ಎರಡು ನಿಮಿಷ ಸುಮ್ಮನೆ ಕೂರಲು, ಆರು ನಿಮಿಷ ಓದಲು, ಐದು ಪ್ರಾರ್ಥನೆಗೆ, ಉಳಿದ ಎರಡು ಒಂದೇ ಒಂದು ಸಾಲು ಬರೆಯಲು. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದರಂತೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ವಾರದಲ್ಲಿ ಎರಡು ದಿನ ಕೈಯಲ್ಲಿ ಉಳಿಯುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಹದಿನಾರೇ ಅಧ್ಯಾಯ. ಮಂಚದ ಮೇಲೆ ಬೇಡ, ನಿದ್ದೆ ಬರುತ್ತದೆ. ಮಂಡಿನೋವು ಇರುವವರು ಮೊಣಕಾಲೂರಬೇಕೆಂದಿಲ್ಲ, ಕುರ್ಚಿ ಧಾರಾಳ ಸಾಕು, ಆದರೆ ದಿನವೂ ಅದೇ ಕುರ್ಚಿ. ಮೊಬೈಲಿನಲ್ಲಿ ಓದುತ್ತೇನೆ ಎನ್ನುವವರೊಂದಿಗೆ ನಾನು ವಾದ ಮಾಡುವುದಿಲ್ಲ. ಮೂರನೇ ವಚನಕ್ಕೆ ಬರುವಾಗ ವಾಟ್ಸಾಪ್ ಟಿಂಗೆಂದರೆ ಏನಾಗುತ್ತದೆಂದು ಅವರಿಗೇ ಗೊತ್ತು.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ಕೆಲಸಕ್ಕೆ ಕಟ್ಟಿದರೆ ಬಾಳಿಕೆ ಹೆಚ್ಚು. ಶಿಫ್ಟಿನಲ್ಲಿ ದುಡಿಯುವ ನರ್ಸಮ್ಮನಿಗೆ ‘ಬೆಳಿಗ್ಗೆ ಐದೂವರೆ’ ಎಂಬುದಕ್ಕೆ ಅರ್ಥವಿಲ್ಲ. ‘ಡ್ಯೂಟಿಯಿಂದ ಬಂದು ಕೈಕಾಲು ತೊಳೆದ ಮೇಲೆ, ಚಹಾಕ್ಕೆ ಮೊದಲು’ ಎಂಬುದಕ್ಕೆ ಇದೆ. ಉಡುಪಿಯಿಂದ ಮಂಗಳೂರಿಗೆ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವವರು ಓದನ್ನು ಮನೆಯಲ್ಲೇ ಮುಗಿಸಿ, ಬಸ್ಸಿನಲ್ಲಿ ಹೆಸರು ಹಿಡಿದು ಪ್ರಾರ್ಥಿಸಬಹುದು: ಮೂಲ್ಕಿ ಬರುವ ತನಕ ಮನೆಯವರು, ಅಲ್ಲಿಂದ ಸುರತ್ಕಲ್ ತನಕ ಕಾಯಿಲೆಯವರು. ನಮ್ಮ ಕೆಥೊಲಿಕ್ ನೆರೆಯವರಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆಯೇ ನೆನಪು ಮಾಡಿಕೊಡುತ್ತದೆ, ಸಂಜೆ ತೇರ್ಸ್‌ಗೆ (ಜಪಮಾಲೆಯ ಪ್ರಾರ್ಥನೆಗೆ) ಮನೆಯವರೆಲ್ಲ ಕೂಡುತ್ತಾರೆ. ಪ್ರಾಟೆಸ್ಟೆಂಟರಾದ ನಾವು ಗಂಟೆಯನ್ನು ಆದಿತ್ಯವಾರಕ್ಕೆ ಬಿಟ್ಟು, ಬೇರೇನನ್ನೂ ಅದರ ಜಾಗಕ್ಕೆ ಇಡಲಿಲ್ಲ ಎಂದು ನನಗೆ ಕೆಲವೊಮ್ಮೆ ಅನಿಸುತ್ತದೆ.

ಓದುವುದು ಹೇಗೆ? ಮಾರ್ಕ 10ರ ಕೊನೆಯ ಏಳು ವಚನ ತೆಗೆದುಕೊಳ್ಳಿ, ಯೆರಿಕೋವಿನ ದಾರಿಬದಿಯ ಕುರುಡ ಬಾರ್ತಿಮಾಯ. ಒಮ್ಮೆ ಗಟ್ಟಿಯಾಗಿ ಓದಿ, ಕಣ್ಣು ಹಾರಿಸುವುದನ್ನು ನಾಲಿಗೆ ಹಾರಿಸುವುದಿಲ್ಲ. ಎರಡನೇ ಸಲ ಓದುವಾಗ ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲೇ ನಿಲ್ಲಿ. ಕೆಲವರು 50ನೇ ವಚನದಲ್ಲಿ ನಿಲ್ಲುತ್ತಾರೆ: ಅವನು ಹೊದ್ದಿದ್ದ ಬಟ್ಟೆಯನ್ನು ಬಿಸಾಡಿ ಎದ್ದ. ಭಿಕ್ಷುಕನಿಗೆ ರಾತ್ರಿಯ ಚಳಿಗೆ ಇರುವುದು ಅದೊಂದೇ. ಕಣ್ಣು ಇನ್ನೂ ಬಂದಿಲ್ಲ, ಬಿಸಾಡಿದ ಬಟ್ಟೆಯನ್ನು ತಡಕಿ ಹುಡುಕುವುದೂ ಸುಲಭವಿಲ್ಲ. ಇನ್ನು ಕೆಲವರು ಯೇಸು ಕೇಳಿದ ಪ್ರಶ್ನೆಯಲ್ಲಿ ನಿಲ್ಲುತ್ತಾರೆ: ನಾನು ನಿನಗೆ ಏನು ಮಾಡಬೇಕು? ಎದುರಿಗಿರುವುದು ಕುರುಡ, ಬೇಕಾದದ್ದು ಏನೆಂದು ಯಾರಿಗೂ ತಿಳಿಯುತ್ತದೆ, ಆದರೂ ಅವನ ಬಾಯಿಂದಲೇ ಬರಬೇಕು. ನಿಂತ ಆ ಜಾಗದಿಂದಲೇ ಪ್ರಾರ್ಥನೆ ಮಾಡಿ. ಬೇರೆ ಸುಂದರ ಮಾತು ಹುಡುಕುವುದು ಬೇಡ.

ಮನಸ್ಸು ಓಡುತ್ತದೆ, ಓಡಲಿ. ‘ಗ್ಯಾಸ್ ಬುಕ್ ಮಾಡಬೇಕು’ ಎಂದು ಹೊಳೆದರೆ ಪಕ್ಕದ ಚೀಟಿಯಲ್ಲಿ ಬರೆದಿಟ್ಟು ವಾಪಸು ಬನ್ನಿ. ಬರೆಯದಿದ್ದರೆ ಅದು ಹದಿನೈದು ನಿಮಿಷವೂ ತಲೆಯೊಳಗೆ ಕೂಗುತ್ತಿರುತ್ತದೆ. ಪ್ರಾರ್ಥನೆಯ ಪಟ್ಟಿ ನಲವತ್ತು ಹೆಸರಿಗೆ ಬೆಳೆದಿದ್ದರೆ ವಾರದ ದಿನಗಳಿಗೆ ಹಂಚಿಬಿಡಿ, ದಿನಕ್ಕೆ ಆರು ಸಾಕು.

ಏನೂ ಅನಿಸುವುದಿಲ್ಲ ಎಂಬ ದೂರೂ ಬರುತ್ತದೆ. ಕೆಲವು ವಾರ ಅನಿಸದಿರುವುದು ಸಹಜ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಎನಿಸುತ್ತಿದ್ದರೆ ಅದನ್ನು ವಿಶ್ವಾಸ ಕಮ್ಮಿಯಾದದ್ದು ಎಂದು ತೀರ್ಮಾನಿಸಬೇಡಿ. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಸಾವು ಬೇಡಿ ಮಲಗಿದಾಗ ದೇವದೂತ ಉಪದೇಶಕ್ಕೆ ಕೂರಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ಪುನಃ ಮಲಗಿದ. ಎರಡನೇ ಸಲವೂ ಊಟವೇ. ಹೋರೇಬ್ ಬೆಟ್ಟದಲ್ಲಿ ದೇವರೊಂದಿಗಿನ ಮಾತುಕತೆ ಅದಾದ ಮೇಲೆ. ಡಾಕ್ಟರರನ್ನು ಕಾಣಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಪ್ರಾರ್ಥನೆ ಮಾಡುತ್ತಿದ್ದೇನೆಂದು ಮಾತ್ರೆ ನಿಲ್ಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯ.

ಈಗ, ಹನ್ನೆರಡು ದಿನ ತಪ್ಪಿಸಿಕೊಂಡು ಕೂತವರಿಗೆ. ಸತ್ಯವೇದದ ರಿಬ್ಬನನ್ನು ಎತ್ತಿ ಇವತ್ತಿನ ಓದಿಗೆ ಇಡಿ. ನಡುವೆ ಬಿಟ್ಟುಹೋದ ಹಾಳೆಗಳನ್ನು ತಿರುವಿ ನೋಡುವುದೂ ಬೇಡ. ಯಾಜಕಕಾಂಡ 14 ಬಿಟ್ಟುಹೋಯಿತಲ್ಲ ಎಂಬ ಸಂಕಟವಿದ್ದರೆ ಜುಲೈಗೆ ಇಟ್ಟುಕೊಳ್ಳಿ. ಗೋಡೆಯ ಮೇಲೆ ಹಸಿರು, ಕೆಂಪು ಕಲೆ ಮೂಡಿದರೆ ಯಾಜಕನು ಬರುವ ಮೊದಲು ಮನೆಯ ಸಾಮಾನನ್ನೆಲ್ಲ ಹೊರಗಿಡಬೇಕೆಂದು ಅಲ್ಲಿ ಬರೆದಿದೆ. ಮಳೆಗಾಲದಲ್ಲಿ ಕಪಾಟಿನ ಹಿಂದಿನ ಬೂಷ್ಟು ಉಜ್ಜುತ್ತಾ ಕೂತ ನಮ್ಮ ಊರಿನವರಿಗೆ ಆ ಅಧ್ಯಾಯವನ್ನು ಯಾರೂ ವಿವರಿಸಬೇಕಾಗಿಲ್ಲ.