ಎಲೆಕ್ಟ್ರಿಕ್ ಗಿಟಾರಿನ ಬೆಲೆ ಅಡಗಿರುವುದೆಲ್ಲಿ?

ಎಲೆಕ್ಟ್ರಿಕ್ ಗಿಟಾರಿಗೆ ನಾನೊಮ್ಮೆ ನೈಲಾನ್ ತಂತಿಯೊಂದನ್ನು ಕಟ್ಟಿ ನೋಡಿದ್ದೆ. ತಂತಿ ಚೆನ್ನಾಗಿಯೇ ಕಂಪಿಸುತ್ತಿತ್ತು, ಗಿಟಾರಿನ ಒಡಲಿಗೆ ಕಿವಿಯಾನಿಸಿದರೆ ಸ್ವರವೂ ಕೇಳುತ್ತಿತ್ತು. ಆದರೆ ಆಂಪ್ಲಿಫೈಯರಿನ ಗುಂಡಿಯನ್ನು ಎಷ್ಟು ತಿರುಗಿಸಿದರೂ ಸ್ಪೀಕರಿನಿಂದ ಬಂದದ್ದು ಗುಂಯ್‌ಗುಡುವ ಹಿನ್ನೆಲೆ ಸದ್ದು ಮಾತ್ರ. ಅನಂತರ ತಂತಿಗಳ ಗೊಡವೆಯೇ ಬೇಡವೆಂದು ಉಕ್ಕಿನ ಶ್ರುತಿಕವೆಯೊಂದನ್ನು (ಟ್ಯೂನಿಂಗ್ ಫೋರ್ಕ್) ಮೊಣಕಾಲಿಗೆ ಬಡಿದು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿಗೆ ತಾಗದ ಹಾಗೆ ಅದರ ಮೇಲೆ ಹಿಡಿದೆ. ಕೋಣೆಯ ತುಂಬ 440 ಹರ್ಟ್ಝಿನ ಸ್ವರ ಮೊಳಗಿತು. ಮೊದಲ ಸಲ ಮರ ಕಂಪಿಸುತ್ತಿದ್ದರೂ ಸ್ಪೀಕರ್ ಮೌನವಾಗಿತ್ತು. ಎರಡನೆಯ ಸಲ ಕವೆ ಮರವನ್ನು ಮುಟ್ಟದೆಯೇ ಸ್ವರ ಹೊರಟಿತ್ತು. ಅಗ್ಗದ ಗಿಟಾರ್ ಕೊಳ್ಳಲೋ ದುಬಾರಿಯದನ್ನು ಕೊಳ್ಳಲೋ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಎರಡು ಪ್ರಯೋಗಗಳನ್ನೇ, ಏಕೆಂದರೆ ಈ ಆಯ್ಕೆಯ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಹೆಚ್ಚಿನವು ಮರದ ಕುರಿತಾದವು.

ಮಹಾಗನಿ ಮರದ ಒಡಲಿಗೆ ಬೆಚ್ಚನೆಯ ನಾದ, ಮೇಪಲ್ಲಿಗೆ ಮಿಂಚಿನಂಥ ನಾದ, ಹಳೆಯ ಮರಕ್ಕೆ ಇನ್ನೇನೋ ಹೇಳಲಾಗದ ಗುಣ ಎಂಬ ಮಾತು ಗಿಟಾರ್ ನುಡಿಸುವವರ ನಡುವೆ ಮಂತ್ರದಂತೆ ಸುತ್ತುತ್ತಿರುತ್ತದೆ. ಅಕೂಸ್ಟಿಕ್ ಗಿಟಾರಿನ ಮಟ್ಟಿಗೆ ಮರದ ಮಹತ್ವವನ್ನು ಅಲ್ಲಗಳೆಯುವಂತಿಲ್ಲ, ಅಲ್ಲಿ ಗಾಳಿಯನ್ನು ತಳ್ಳಿ ಸದ್ದು ಮಾಡುವುದೇ ತೆಳುವಾದ ಮೇಲ್ಹಲಗೆ. ಅಲ್ಲಿನ ಸತ್ಯವನ್ನು ಪರೀಕ್ಷಿಸದೆ ಇಲ್ಲಿಗೆ ಹೊತ್ತು ತಂದದ್ದರಿಂದ ಗೊಂದಲ ಹುಟ್ಟಿತು. ಗಟ್ಟಿ ಒಡಲಿನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಾಳಿಯನ್ನು ತಳ್ಳುವ ಕೆಲಸ ಸ್ಪೀಕರಿನದು.

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಪಿಕಪ್ಪಿನ ಜೀವ. ತಂತಿಗಳ ಕೆಳಗೆ ಆರು ಸಣ್ಣ ಕಾಂತಗಳು. ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ಎಳೆಯ ಏಳೆಂಟು ಸಾವಿರ ಸುತ್ತುಗಳು. ಉಕ್ಕಿನ ತಂತಿ ಕಾಂತದ ಸಮೀಪದಲ್ಲಿರುವುದರಿಂದ ಆ ಭಾಗದಲ್ಲಿ ತಾನೂ ಒಂದು ಪುಟ್ಟ ಕಾಂತವಾಗುತ್ತದೆ. ಅದು ಅಲುಗಾಡಿದಾಗ ಸುರುಳಿಯನ್ನು ಹಾದುಹೋಗುವ ಕಾಂತಕ್ಷೇತ್ರ ಹೆಚ್ಚುಕಡಿಮೆಯಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಕೊಳದಲ್ಲಿ ದೋಣಿ ಓಲಾಡಿದರೆ ದಡಕ್ಕೆ ಕಟ್ಟಿದ ಹಗ್ಗ ಜಗ್ಗುವ ಹಾಗೆ ಇದು ಎನ್ನಬಹುದಿತ್ತು, ಆದರೆ ಇಲ್ಲಿ ಹಗ್ಗ ಕಣ್ಣಿಗೆ ಕಾಣುವುದಿಲ್ಲ. ಅದಕ್ಕಿಂತ ಒಳ್ಳೆಯ ಹೋಲಿಕೆಯೆಂದರೆ ಕಿಟಕಿ. ಉದ್ದನೆಯ ಬೀದಿಯಲ್ಲಿ ಮೆರವಣಿಗೆ ಸಾಗುತ್ತಿದೆ, ನೀವು ಒಂದು ಗೇಣಗಲದ ಕಿಟಕಿಯಿಂದ ನೋಡುತ್ತಿದ್ದೀರಿ. ಕಿಟಕಿಯೆದುರು ಕುಣಿದವರು ಮಾತ್ರ ನಿಮ್ಮ ಪಾಲಿಗೆ ಕುಣಿದವರು, ಆಚೀಚೆ ಎಷ್ಟು ಗದ್ದಲವಿದ್ದರೂ ನಿಮಗೆ ಅದು ಇಲ್ಲ. ಪಿಕಪ್ಪಿಗೆ ಕಾಣುವುದು ತನ್ನ ಮೇಲಿರುವ ಎರಡು ಮೂರು ಸೆಂಟಿಮೀಟರ್ ತಂತಿ ಮಾತ್ರ.

ಕಿಟಕಿ ಎಲ್ಲಿದೆ ಎಂಬುದರ ಮೇಲೆ ನೋಟ ಬದಲಾಗುತ್ತದೆ. ಮೀಟಿದ ತಂತಿ ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಇಡೀ ತಂತಿ ಒಂದೇ ಬಿಲ್ಲಾಗಿ ಬಾಗುವಾಗಲೇ ಎರಡು, ಮೂರು, ನಾಲ್ಕು ಪಾಲುಗಳಾಗಿಯೂ ಏಕಕಾಲಕ್ಕೆ ತೊನೆಯುತ್ತಿರುತ್ತದೆ, ಇವೇ ಹಾರ್ಮೋನಿಕ್‌ಗಳು. ಪಾಲುಗಳ ಗಡಿಯಲ್ಲಿ ಅಲುಗದ ಗಂಟುಗಳಿರುತ್ತವೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರಿನಲ್ಲಿ, ಒಡಲಿನ ಮೇಲೆ ತಂತಿಗಳಿಗೆ ಆಸರೆಯಾದ ಬ್ರಿಡ್ಜಿನಿಂದ ಕತ್ತಿನ ಮೇಲ್ತುದಿಯ ಆಸರೆಯಾದ ನಟ್‌ವರೆಗೆ ಕಂಪಿಸುವ ತಂತಿಯ ಉದ್ದ 648 ಮಿಲಿಮೀಟರ್, ಕತ್ತಿನ ಬಳಿಯ ಪಿಕಪ್ ಇರುವುದು ಬ್ರಿಡ್ಜಿನಿಂದ ಹೆಚ್ಚುಕಡಿಮೆ ಅದರ ಕಾಲುಭಾಗದಷ್ಟು ದೂರದಲ್ಲಿ. ನಾಲ್ಕನೆಯ ಹಾರ್ಮೋನಿಕ್ಕಿನ ಗಂಟು ಕುಳಿತಿರುವುದೂ ಅಲ್ಲಿಯೇ. ಹಾಗಾಗಿ ಬೆರಳಿನಿಂದ ಒತ್ತದೆ ಬಿಟ್ಟ ತಂತಿಯನ್ನು ಮೀಟಿದಾಗ ಆ ಹಾರ್ಮೋನಿಕ್ ಈ ಪಿಕಪ್ಪಿನ ಪಾಲಿಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ, ಉಳಿಯುವುದು ದುಂಡಗಿನ ಮೃದುವಾದ ನಾದ. ಬ್ರಿಡ್ಜಿನ ಬಳಿಯ ಪಿಕಪ್ಪಿನಲ್ಲಿ ಇದರ ತದ್ವಿರುದ್ಧ: ತಂತಿಯ ತುದಿಯಲ್ಲಿ ಮೂಲಸ್ವರದ ಅಲುಗಾಟ ಕಿರಿದು, ಮೇಲಿನ ಹಾರ್ಮೋನಿಕ್‌ಗಳದ್ದು ಹೋಲಿಕೆಯಲ್ಲಿ ಹಿರಿದು, ಆದ್ದರಿಂದ ನಾದ ಹರಿತ. ಒಂದೇ ಗಿಟಾರ್, ಒಂದೇ ಮರ, ಒಂದೇ ಕೈ. ಸ್ವಿಚ್ಚನ್ನು ಈಚೆಯಿಂದ ಆಚೆಗೆ ದೂಡಿದ ಮಾತ್ರಕ್ಕೆ ವಾದ್ಯವೇ ಬೇರೆಯಾದಂತೆ ಕೇಳುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ತಾಮ್ರದ ಸುರುಳಿಗೆ ತನ್ನದೇ ಜಡತ್ವವಿದೆ, ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲು ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುವ ಪಾತ್ರೆಯಂತೆ ವರ್ತಿಸುತ್ತದೆ. ಇವೆರಡೂ ಸೇರಿದರೆ ಉಯ್ಯಾಲೆಯಂತೆ ಒಂದು ನಿರ್ದಿಷ್ಟ ಆವರ್ತನವನ್ನು ಎತ್ತಿ ಹಿಡಿದು ಅದಕ್ಕಿಂತ ಮೇಲಿನದನ್ನು ಕತ್ತರಿಸಿ ಹಾಕುತ್ತವೆ. ಹೆನ್ರಿ ಆ ಜಡತ್ವದ ಅಳತೆ, ಪಿಕೋಫ್ಯಾರಡ್ ಹಿಡಿದಿಡುವ ಸಾಮರ್ಥ್ಯದ ಅಳತೆ. 2.2 ಹೆನ್ರಿಯ ಸುರುಳಿಗೆ ಒಟ್ಟು 500 ಪಿಕೋಫ್ಯಾರಡ್ ಸೇರಿದರೆ ಆ ಶಿಖರ ಸುಮಾರು 4,800 ಹರ್ಟ್ಝಿನಲ್ಲಿ ಬೀಳುತ್ತದೆ. ಉದ್ದನೆಯ ಕೇಬಲ್ ಸಿಕ್ಕಿಸಿ ಪಿಕೋಫ್ಯಾರಡನ್ನು 1,000ಕ್ಕೆ ಏರಿಸಿದರೆ ಶಿಖರ ಸುಮಾರು 3,400 ಹರ್ಟ್ಝಿಗೆ ಇಳಿಯುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವ ವಲಯವೇ ಇದು. ಒಡಲಿನ ಮರದ ಹೆಸರು ಹೇಳಿ ನಾದವನ್ನು ಬಣ್ಣಿಸುವವರು ತಮ್ಮ ಕೇಬಲ್ ಎಷ್ಟು ಮೀಟರಿನದು ಎಂದು ಹೇಳುವುದನ್ನು ನಾನು ಕೇಳಿಲ್ಲ.

ಈ ವಾದ್ಯದ ಚರಿತ್ರೆಯೂ ಮರದ ಭಕ್ತರ ಪರವಾಗಿಲ್ಲ. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೀಚಮ್ ರೂಪಿಸಿದ, ರಿಕನ್‌ಬ್ಯಾಕರ್ ಹೆಸರಿನೊಡನೆ ಮಾರುಕಟ್ಟೆಗೆ ಬಂದ ಮೊದಲ ಯಶಸ್ವಿ ಎಲೆಕ್ಟ್ರಿಕ್ ಗಿಟಾರಿನ ಒಡಲು ಎರಕ ಹೊಯ್ದ ಅಲ್ಯುಮಿನಿಯಮ್ಮಿನದು. ಜನ ಅದನ್ನು ಬಾಣಲೆ ಎಂದೇ ಕರೆದರು. 1937ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. 1940ರ ಹೊತ್ತಿಗೆ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕು ಅಂಗುಲ ಚೌಕದ ಪೈನ್ ದಿಮ್ಮಿಗೆ ಪಿಕಪ್ ಜೋಡಿಸಿ ನುಡಿಸಿದರು. ಬರಿಯ ದಿಮ್ಮಿಯನ್ನು ಕಂಡು ಕೇಳುಗರು ತಣ್ಣಗಿದ್ದರೆಂದೂ, ಒಂದು ಗಿಟಾರನ್ನು ಸೀಳಿ ಎರಡು ಪಕ್ಕಗಳನ್ನು ರೆಕ್ಕೆಯಂತೆ ಅಂಟಿಸಿದ ಮೇಲೆ ಒಪ್ಪಿಕೊಂಡರೆಂದೂ ಅವರೇ ಹೇಳಿಕೊಂಡಿದ್ದಾರೆ. ಜನ ಕಣ್ಣಿನಿಂದಲೇ ಕೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 1950ರ ದಶಕದಲ್ಲಿ ಡ್ಯಾನ್‌ಎಲೆಕ್ಟ್ರೋ ಕಂಪನಿ ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡಿನ ಒಡಲಿಗೆ ಲಿಪ್‌ಸ್ಟಿಕ್ ಕೊಳವೆಯಲ್ಲಿ ಕೂರಿಸಿದ ಪಿಕಪ್ ಹಾಕಿ ಅಗ್ಗದ ಗಿಟಾರುಗಳನ್ನು ಮಾರಿತು. ಮುಂದೆ ಲೆಡ್ ಝೆಪ್ಲಿನ್ ತಂಡದ ಜಿಮ್ಮಿ ಪೇಜ್ ಅವುಗಳಲ್ಲೊಂದನ್ನು ವೇದಿಕೆಯ ಮೇಲೆ ನುಡಿಸಿದರು. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ತಮ್ಮ ತಂದೆಯೊಂದಿಗೆ ಮನೆಯಲ್ಲೇ ಕಟ್ಟತೊಡಗಿದ ಗಿಟಾರಿನ ಕತ್ತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದ್ದು.

ಹಾಗೆಂದು ಮರ ಲೆಕ್ಕಕ್ಕೇ ಇಲ್ಲವೆಂದರೆ ಅದು ಇನ್ನೊಂದು ಬಗೆಯ ಮೌಢ್ಯವಾದೀತು. ಕತ್ತು ತನ್ನದೇ ಕೆಲವು ಆವರ್ತನಗಳಲ್ಲಿ ಬಾಗಿ ತೊನೆಯುತ್ತದೆ. ಯಾವುದಾದರೂ ಸ್ವರ ಆ ಆವರ್ತನಕ್ಕೆ ಸರಿಹೊಂದಿದರೆ ತಂತಿಯ ಶಕ್ತಿಯನ್ನು ಕತ್ತು ಕುಡಿದುಬಿಡುತ್ತದೆ, ಸ್ವರ ಬೇಗ ಸಾಯುತ್ತದೆ. ಇಂತಹ ಸತ್ತ ಸ್ವರಗಳು ಅಗ್ಗದ ಗಿಟಾರಿನಲ್ಲೂ ದುಬಾರಿ ಗಿಟಾರಿನಲ್ಲೂ ಇರುತ್ತವೆ. ಮರದ ಜಾತಿಗಿಂತ ಅದು ಎಷ್ಟು ಚೆನ್ನಾಗಿ ಒಣಗಿದೆ ಎಂಬುದು ನುಡಿಸುವವನಿಗೆ ಹೆಚ್ಚು ಮುಖ್ಯ. ಅರೆಬರೆ ಒಣಗಿದ ಮರದ ಕತ್ತು ಒಣಹವೆಯಲ್ಲಿ ಕುಗ್ಗುತ್ತದೆ, ಕತ್ತಿನ ಮೇಲೆ ಸ್ವರಸ್ಥಾನಗಳಲ್ಲಿ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್ ಕುಗ್ಗುವುದಿಲ್ಲ. ಆಗ ಫ್ರೆಟ್ಟುಗಳ ತುದಿ ಅಂಚಿನಿಂದ ಹೊರಚಾಚಿ, ಕೈ ಮೇಲೆ ಕೆಳಗೆ ಜಾರಿದಾಗಲೆಲ್ಲ ಗರಗಸದಂತೆ ಗೀರುತ್ತದೆ. ಆರೂ ತಂತಿಗಳು ಸೇರಿ ಸುಮಾರು 45 ಕಿಲೋಗ್ರಾಂ ಭಾರದಷ್ಟು ಬಲದಿಂದ ಆ ಕತ್ತನ್ನು ಹಗಲಿರುಳೂ ಬಗ್ಗಿಸುತ್ತಿರುತ್ತವೆ ಎಂಬುದನ್ನೂ ಮರೆಯಬಾರದು.

ದುಡ್ಡು ನಿಜವಾಗಿ ಕೆಲಸ ಮಾಡುವುದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಲೋಕದಲ್ಲಿ. ಒಂದು ಸ್ಥಾಯಿಯನ್ನು 12 ಸಮ ಮೆಟ್ಟಿಲುಗಳಾಗಿ ಒಡೆದರೆ ಪ್ರತಿ ಮೆಟ್ಟಿಲಿಗೂ ಆವರ್ತನ 1.05946 ಪಟ್ಟು ಏರಬೇಕು. ಚೀನಾದ ರಾಜಕುಮಾರ ಝು ಝೈಯು 16ನೆಯ ಶತಮಾನದಲ್ಲೇ ಇದನ್ನು ನಿಖರವಾಗಿ ಲೆಕ್ಕ ಹಾಕಿದ್ದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಟಲಿಯಲ್ಲಿ ಗೆಲಿಲಿಯೋನ ತಂದೆ, ಲ್ಯೂಟ್ ವಾದಕ ವಿನ್ಚೆನ್ಝೋ ಗೆಲಿಲಿ, ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲನ್ನು ಪ್ರತಿ ಸಲ ಕಳೆಯುತ್ತ ಹೋಗಿ ಎಂಬ ಸುಲಭ ಸೂತ್ರವನ್ನು ಹೇಳಿದ. ಈ ಸೂತ್ರವನ್ನು 648 ಮಿಲಿಮೀಟರ್ ತಂತಿಗೆ ಅನ್ವಯಿಸಿದರೆ 12ನೆಯ ಫ್ರೆಟ್ ಇರಬೇಕಾದ 324ರ ಬದಲು 321.6ರಲ್ಲಿ ಬರುತ್ತದೆ. ವ್ಯತ್ಯಾಸ ಅಕ್ಕಿಕಾಳಿನ ದಪ್ಪಕ್ಕಿಂತ ತುಸು ಹೆಚ್ಚು, ಆದರೆ ಸ್ವರ ಅರ್ಧಸ್ವರದ ನೂರರಲ್ಲಿ ಸುಮಾರು ಹನ್ನೆರಡೂವರೆ ಪಾಲಿನಷ್ಟು ತಗ್ಗುತ್ತದೆ. ಬೆರಳಿಟ್ಟು ಒತ್ತಿದಾಗ ತಂತಿ ಬಿಗಿದು ಸ್ವರ ಒಂದಿಷ್ಟು ಏರುವುದರಿಂದ ಹಳೆಯ ಕುಶಲಕರ್ಮಿಗಳಿಗೆ ಈ ತಪ್ಪೇ ವರವೂ ಆಗಿತ್ತೆನ್ನಿ. ಇಂದು ಅಗ್ಗದ ಗಿಟಾರಿನ ಫ್ರೆಟ್ ಸೀಳುಗಳನ್ನೂ ಕಂಪ್ಯೂಟರ್ ನಿಯಂತ್ರಿತ ಯಂತ್ರ ಕೊರೆಯುತ್ತದೆ, ಅವು ಇರಬೇಕಾದಲ್ಲಿಯೇ ಇರುತ್ತವೆ. ಯಂತ್ರದ ನಂತರ ಮನುಷ್ಯನ ಕೈ ಎಷ್ಟು ಹೊತ್ತು ಕೆಲಸ ಮಾಡಿದೆ ಎಂಬಲ್ಲಿಂದ ಬೆಲೆ ಕವಲೊಡೆಯುತ್ತದೆ: ಫ್ರೆಟ್ಟುಗಳ ನೆತ್ತಿಯನ್ನೆಲ್ಲ ಒಂದೇ ಮಟ್ಟಕ್ಕೆ ತಂದು ದುಂಡಗೆ ಉಜ್ಜಿದ್ದಾರೆಯೇ, ತುದಿಗಳನ್ನು ನಯಗೊಳಿಸಿದ್ದಾರೆಯೇ, ನಟ್ಟಿನ ಸೀಳುಗಳನ್ನು ತಂತಿಯ ದಪ್ಪಕ್ಕೆ ತಕ್ಕಂತೆ ಅರದಿಂದ ತೀಡಿದ್ದಾರೆಯೇ ಎಂಬುದರಲ್ಲಿ.

ಈ ಕೊನೆಯದನ್ನು ನಾನು ಅನುಭವದಿಂದ ಕಲಿತೆ. ನನ್ನ ಮೊದಲ ಗಿಟಾರ್ ಅಗ್ಗದ್ದು, ಬಿಟ್ಟ ತಂತಿಗಳನ್ನು ಶ್ರುತಿಗೂಡಿಸಿದರೂ ಮೊದಲ ಫ್ರೆಟ್ಟಿನಲ್ಲಿ ನುಡಿಸಿದ್ದೆಲ್ಲ ಅಪಶ್ರುತಿ. ಕಿವಿಯೇ ಸರಿಯಿಲ್ಲವೆಂದು ತಿಂಗಳುಗಟ್ಟಲೆ ಕೊರಗಿದೆ. ಕೊನೆಗೊಮ್ಮೆ ಶ್ರುತಿ ಅಳೆಯುವ ಟ್ಯೂನರ್ ಸಿಕ್ಕಿಸಿ ನೋಡಿದರೆ ಸೂಜಿ 18 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು) ಮೇಲಕ್ಕೆ ಹಾರಿತ್ತು. ನಟ್ಟಿನ ಸೀಳು ಆಳವಿಲ್ಲದ್ದರಿಂದ ತಂತಿ ಎತ್ತರದಲ್ಲಿ ನಿಂತಿತ್ತು, ಒತ್ತುವಾಗ ಬಹಳ ದೂರ ಇಳಿಯಬೇಕಾಗಿತ್ತು, ಇಳಿಯುತ್ತ ಬಿಗಿಯುತ್ತಿತ್ತು. ಸಣ್ಣ ಅರದಿಂದ ಎರಡು ಸಲ ಎಳೆಯುವುದು, ತಂತಿ ಕೂರಿಸುವುದು, ಅಳೆಯುವುದು, ಮತ್ತೆ ಎಳೆಯುವುದು. ಹೀಗೆ ಒಂದು ಸಂಜೆಯಲ್ಲಿ ಆರೂ ಸೀಳುಗಳು ಮುಗಿದವು, ಸೂಜಿ ನಡುವಿಗೆ ಬಂತು. ಒಂದು ಸೀಳನ್ನು ಅತಿಯಾಗಿ ತೀಡಿ ತಂತಿ ಫ್ರೆಟ್ಟಿಗೆ ತಾಗಿ ಝರ್ ಎನ್ನತೊಡಗಿದ್ದರಿಂದ ಮಾರನೆಯ ದಿನ ಹೊಸ ನಟ್ಟನ್ನೇ ತರಬೇಕಾಯಿತು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ ಆದ್ದರಿಂದ ಅಗ್ಗದ ಗಿಟಾರಿನ ಕಡೆಗೇ ವಾಲುತ್ತದೆ, ಆದರೆ ಒಂದು ಷರತ್ತಿನೊಡನೆ: ಉಳಿದ ಹಣದಲ್ಲಿ ಒಂದು ಪಾಲು ನುರಿತ ಕೈಯಿಂದ ಅದನ್ನು ಹದಗೊಳಿಸುವುದಕ್ಕೆ, ಇನ್ನೊಂದು ಪಾಲು ಒಳ್ಳೆಯ ಆಂಪ್ಲಿಫೈಯರಿಗೆ ಹೋಗಬೇಕು. ಕೇಳುಗರ ಕಿವಿಗೆ ತಲಪುವುದು ಸ್ಪೀಕರಿನ ಸದ್ದು. ಅಗ್ಗದವುಗಳ ಪಿಕಪ್‌ಗಳಲ್ಲಿ ಆಲ್ನಿಕೋ ಎಂಬ ಮಿಶ್ರಲೋಹದ ಕಾಂತದ ಬದಲು ಸೆರಾಮಿಕ್ ಕಾಂತ ಇರುವುದು ಹೆಚ್ಚು, ಆ ವ್ಯತ್ಯಾಸ ಕಿವಿಗೂ ತಿಳಿಯಬಹುದು. ಬೇಕಾದರೆ ಅದನ್ನು ಬೆಸುಗೆ ಕಡ್ಡಿಯೊಂದಿಗೆ ಅರ್ಧ ಗಂಟೆ ಕುಳಿತು ಬದಲಿಸಿಕೊಳ್ಳಬಹುದು. ಕತ್ತೇ ತಿರುಚಿಕೊಂಡಿದ್ದರೆ ಮಾತ್ರ ಯಾವ ಉಪಾಯವೂ ನಡೆಯದು. ರಾತ್ರಿಯಿಂದ ರಾತ್ರಿಗೆ ವೇದಿಕೆ ಏರುವವರ ಲೆಕ್ಕ ಬೇರೆ: ಬಿಸಿ ದೀಪದ ಕೆಳಗೂ ಶ್ರುತಿ ಬಿಡದ, ಸ್ವಿಚ್ಚು ಕರಕರ ಎನ್ನದ ಗಿಟಾರಿಗೆ ಅವರು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಅಲ್ಲಿಂದಾಚೆ ಬೆಲೆ ಇನ್ನಷ್ಟು ಏರಿದಾಗ ಸಿಗುವುದು ಹೊಳಪು, ಮರದ ನೆರಿಗೆಯ ಚೆಲುವು ಮತ್ತು ತಲೆಯ ಮೇಲಿನ ಹೆಸರು. ಅವಕ್ಕೆ ಆಸೆಪಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಅವನ್ನು ನಾದವೆಂದು ಕರೆಯದಿದ್ದರೆ ಸಾಕು. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ನುರಿತ ಪಿಟೀಲು ವಾದಕರಿಗೆ ಕಣ್ಣು ಕಾಣದಂತೆ ಕನ್ನಡಕ ತೊಡಿಸಿ ಮೂರು ಹೊಸ ಪಿಟೀಲುಗಳನ್ನೂ, ಇಟಲಿಯ ಹೆಸರಾಂತ ಕುಶಲಕರ್ಮಿಗಳಾದ ಸ್ಟ್ರಾಡಿವರಿ ಮತ್ತು ಗ್ವಾರ್ನೇರಿ ತಯಾರಿಸಿದ ಮೂರು ಹಳೆಯವುಗಳನ್ನೂ ಕೊಟ್ಟಾಗ, ಮನೆಗೊಯ್ಯಲು ಹಳೆಯದನ್ನು ಆರಿಸಿದವರು 8 ಮಂದಿ ಮಾತ್ರ. ಮರವೇ ಹಾಡುವ ವಾದ್ಯದಲ್ಲಿ ಇದು ಪಾಡಾದರೆ ಕಾಂತ ಹಾಡುವ ವಾದ್ಯದಲ್ಲಿ ಕೇಳುವುದೇ ಬೇಡ.

ಕೊಳ್ಳುವ ಮುನ್ನ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸದೆಯೇ ತೊಡೆಯ ಮೇಲಿಟ್ಟುಕೊಂಡು ಪರೀಕ್ಷಿಸಿ. ಅಂಗೈಯನ್ನು ಕತ್ತಿನ ಎರಡೂ ಅಂಚುಗಳ ಮೇಲೆ ನಿಧಾನವಾಗಿ ಜಾರಿಸಿ, ಗೀರಿದರೆ ತಿಳಿಯುತ್ತದೆ. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್ಟಿನಲ್ಲೂ ಒಮ್ಮೆ ಮೀಟಿ, ಎಲ್ಲಿ ಝರ್ ಎನ್ನುತ್ತದೆ, ಎಲ್ಲಿ ಸ್ವರ ಬೇಗ ಸಾಯುತ್ತದೆ ಎಂದು ಕೇಳಿಸಿಕೊಳ್ಳಿ. 12ನೆಯ ಫ್ರೆಟ್ಟಿನ ಮೇಲೆ ಬೆರಳನ್ನು ತಾಗಿಯೂ ತಾಗದಂತಿಟ್ಟು ಮೀಟಿದ ಸ್ವರ, ಅಲ್ಲಿಯೇ ಒತ್ತಿ ಮೀಟಿದ ಸ್ವರ ಎರಡೂ ಟ್ಯೂನರಿನಲ್ಲಿ ಒಂದೇ ಆಗಿರಬೇಕು. ಇಲ್ಲದಿದ್ದರೆ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿಪಡಿಸಲು ಬರುತ್ತದೆಯೇ ನೋಡಿ. ಆಮೇಲೆ ಮೂರನೆಯ ತಂತಿಯನ್ನು ಜೋರಾಗಿ ಬದಿಗೆ ಐದಾರು ಬಾರಿ ಎಳೆದು ಬಿಟ್ಟು ಮತ್ತೆ ಟ್ಯೂನರ್ ನೋಡಿ. ಸ್ವರ ಜಾರಿದ್ದರೆ ಹೆಚ್ಚಿನವರು ಬಿರಡೆಯನ್ನು ಶಪಿಸುತ್ತಾರೆ, ಆದರೆ ತಂತಿ ನಟ್ಟಿನ ಸೀಳಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಸರಿಯದಿರುವುದೂ ಅಷ್ಟೇ ಸಾಮಾನ್ಯ ಕಾರಣ. ತಂತಿಯನ್ನು ಸಡಿಲಿಸಿ, ಸೀಳಿನೊಳಗೆ ಪೆನ್ಸಿಲ್ಲಿನ ಮೊನೆಯನ್ನು ನಾಲ್ಕು ಸಲ ಉಜ್ಜಿ, ಮತ್ತೆ ಶ್ರುತಿಗೂಡಿಸಿ ಎಳೆಯಿರಿ. ಗ್ರಾಫೈಟಿನ ಪುಡಿಯ ಮೇಲೆ ತಂತಿ ಸಲೀಸಾಗಿ ಜಾರಿ ಸೂಜಿ ನಡುವಿಗೆ ಮರಳಿದರೆ ಬಿರಡೆಗಳಲ್ಲಿ ದೋಷವಿಲ್ಲ, ಅವನ್ನು ಬದಲಿಸುವ ಖರ್ಚೂ ಇಲ್ಲ.