ಮೈಕ್ರೋಸ್ಕೋಪಿಯಲ್ಲಿ ಪಿಎಚ್‌ಡಿ: ಅರ್ಜಿ ಹಾಕುವ ಮೊದಲು

"ಸರ್, ಇಮೇಜಿಂಗ್ ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ಕರೆದಿದ್ದಾರೆ, ಅರ್ಜಿ ಹಾಕಲಾ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಅಲ್ಲಿ ನೀವು ಮೈಕ್ರೋಸ್ಕೋಪ್ ಕಟ್ಟುತ್ತೀರಾ, ಬಳಸುತ್ತೀರಾ, ಇಲ್ಲ ಅದರಿಂದ ಬಂದ ಚಿತ್ರಗಳನ್ನು ಅಳೆಯುತ್ತೀರಾ?

ಜಾಹೀರಾತಿನಲ್ಲಿ ಮೂರಕ್ಕೂ 'ಇಮೇಜಿಂಗ್' ಎಂದೇ ಬರೆದಿರುತ್ತಾರೆ. ದಿನಚರಿ ಮಾತ್ರ ಪೂರ್ತಿ ಬೇರೆ. ಕಟ್ಟುವವರು ಕತ್ತಲೆ ಕೋಣೆಯಲ್ಲಿ ಲೇಸರ್, ಕನ್ನಡಿ, ಲೆನ್ಸ್ ಹೊಂದಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ. ಅಳೆಯುವವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಚಿತ್ರ ಅಳೆಯುವ ಫಿಜಿ ಸಾಫ್ಟ್‌ವೇರ್ ಇವೇ ಜಗತ್ತು. ಇನ್ನು ಬಳಸುವವರು ಮೈಕ್ರೋಸ್ಕೋಪಿನ ಮುಂದೆ ಕೂರುವುದಕ್ಕಿಂತ ಸ್ಯಾಂಪಲ್ ತಯಾರಿಯಲ್ಲೇ ಜಾಸ್ತಿ ಹೊತ್ತು ಇರುತ್ತಾರೆ. ಇದನ್ನು ಕೀಳು ಕೆಲಸ ಅಂದುಕೊಳ್ಳಬೇಡಿ. 2017ರ ರಸಾಯನಶಾಸ್ತ್ರದ ನೊಬೆಲ್ ಕ್ರಯೋ-ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ (ಹೆಪ್ಪುಗಟ್ಟಿಸಿದ ಸ್ಯಾಂಪಲನ್ನು ಎಲೆಕ್ಟ್ರಾನ್‌ಗಳಿಂದ ನೋಡುವ ವಿಧಾನ) ಬಂತಲ್ಲ, ಅದರಲ್ಲಿ ಜಾಕ್ ದ್ಯುಬೋಶೆ ಅವರ ಪಾಲು ಹೊಸ ಲೆನ್ಸ್ ಅಲ್ಲ. ನೀರು ಹರಳುಗಟ್ಟಲು ಸಮಯವೇ ಸಿಗದಷ್ಟು ಬೇಗ ಸ್ಯಾಂಪಲನ್ನು ತಣ್ಣಗಾಗಿಸುವ ವಿಧಾನ. ಅಂದರೆ ಸ್ಯಾಂಪಲ್ ತಯಾರಿಯೇ!

ಸಂದರ್ಶನಕ್ಕೆ ಬರುವವರು ತಮ್ಮ ಅತ್ಯಂತ ಚಂದದ ಚಿತ್ರ ತರುತ್ತಾರೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಒಂದು ಪ್ರೋಟೀನಿಗೆ ಹಸಿರು, ಇನ್ನೊಂದಕ್ಕೆ ಕೆಂಪು ಬಣ್ಣ ಹಾಕಿದ ಜೀವಕೋಶಗಳ ಚಿತ್ರ ತೋರಿಸಿದಳು. ಎರಡೂ ಸೇರಿದ ಕಡೆ ಹಳದಿ. "ಹಾಗಾದರೆ ಈ ಎರಡು ಪ್ರೋಟೀನ್ ಅಂಟಿಕೊಂಡಿವೆಯಾ?" ಎಂದು ಕೇಳಿದೆ. "ಇಷ್ಟರಿಂದ ಹೇಳೋಕಾಗಲ್ಲ ಸರ್. ಹೋಲಿಸಿ ನೋಡೋಕೆ ಹಸಿರು ಮಾತ್ರ ಹಾಕಿದ ಕಂಟ್ರೋಲ್ ಸ್ಯಾಂಪಲಿನ ಚಿತ್ರ ನಾನು ತೆಗೆದಿಲ್ಲ" ಎಂದಳು. ಆಕೆಯನ್ನು ಆಯ್ಕೆ ಮಾಡಲು ನಮಗೆ ಹೆಚ್ಚು ಯೋಚಿಸಬೇಕಾಗಲಿಲ್ಲ.

ಯಾಕೆಂದರೆ ಹಸಿರು ಬಣ್ಣದ ಬೆಳಕು ಕೆಂಪು ಬೆಳಕನ್ನು ಹಿಡಿಯುವ ಚಾನೆಲ್‌ಗೂ ಸ್ವಲ್ಪ ಸೋರುತ್ತದೆ. ಒಂದೇ ಬಣ್ಣ ಹಾಕಿದ ಸ್ಯಾಂಪಲ್ ನೋಡದೆ ಅದು ಗೊತ್ತಾಗುವುದಿಲ್ಲ. ಸೋರಿಕೆ ಇಲ್ಲದಿದ್ದರೂ ಇನ್ನೊಂದು ತೊಡಕಿದೆ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಬೇರೆಬೇರೆಯಾಗಿ ತೋರಿಸುವುದಿಲ್ಲ. ಜರ್ಮನ್ ಭೌತವಿಜ್ಞಾನಿ ಅರ್ನ್‌ಸ್ಟ್ ಅಬ್ಬೆ 1873ರಲ್ಲೇ ಈ ಮಿತಿಯನ್ನು ವಿವರಿಸಿದ್ದರು. ಪ್ರೋಟೀನಿನ ಅಳತೆಯೋ ಕೆಲವೇ ನ್ಯಾನೋಮೀಟರ್. ಆ 200 ನ್ಯಾನೋಮೀಟರ್ ಜಾಗದೊಳಗೆ ಎರಡು ಪ್ರೋಟೀನ್ ದೂರ ದೂರ ನಿಂತಿದ್ದರೂ ನಮಗೆ ಕಾಣುವುದು ಹಳದಿಯೇ. ಚಿತ್ರ ಎಲ್ಲಿಯವರೆಗೆ ಮಾತಾಡುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ತಿಳಿದವರು ನಮಗೆ ಬೇಕು. ಮೈಕ್ರೋಸ್ಕೋಪಿನ ಗುಂಡಿಗಳನ್ನು ಒಂದೆರಡು ತಿಂಗಳಲ್ಲಿ ಕಲಿಸಬಹುದು.

ಚಿತ್ರ ಕಳಿಸುವಾಗ ಮೂಲ ಫೈಲ್ ಜೊತೆಗಿರಲಿ. ಜೆಪೆಗ್ ಮಾಡಿದರೆ ಪಿಕ್ಸೆಲ್‌ಗಳ ಬೆಲೆಯೇ ಬದಲಾಗುತ್ತದೆ, ಆಮೇಲೆ ಅಳತೆ ನಂಬುವ ಹಾಗಿಲ್ಲ.

ನೀವೂ ಪ್ರಶ್ನೆ ಕೇಳಿ, ಸಂಕೋಚ ಬೇಡ. ವಾರಕ್ಕೆ ಎಷ್ಟು ಗಂಟೆ ಮೈಕ್ರೋಸ್ಕೋಪ್ ಸಿಗುತ್ತದೆ? ಲೇಸರ್ ಕೆಟ್ಟರೆ ಯಾರು ನೋಡುತ್ತಾರೆ? ಡೇಟಾ ಎಲ್ಲಿಡುತ್ತಾರೆ? ಲೈಟ್-ಶೀಟ್ ಮೈಕ್ರೋಸ್ಕೋಪಿನಲ್ಲಿ (ತೆಳು ಹಾಳೆಯಂಥ ಬೆಳಕು ಹಾಯಿಸಿ ಪದರ ಪದರವಾಗಿ ಚಿತ್ರ ತೆಗೆಯುವಂಥದ್ದು) ಒಂದೇ ಪ್ರಯೋಗಕ್ಕೆ ಟೆರಾಬೈಟ್‌ಗಟ್ಟಲೆ ತುಂಬಬಹುದು, ಆಗ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಾಲದು.

ಕೊನೆಗೆ ಗೈಡ್ ಇಲ್ಲದ ಹೊತ್ತಿನಲ್ಲಿ ಆ ಲ್ಯಾಬ್‌ನ ವಿದ್ಯಾರ್ಥಿಗಳ ಜೊತೆ ಅರ್ಧ ಗಂಟೆ ಮಾತಾಡಿ. ಮೈಕ್ರೋಸ್ಕೋಪ್ ಖಾಲಿ ಸಿಗುವುದು ರಾತ್ರಿ 2 ಗಂಟೆಗೆ ಮಾತ್ರ ಅನ್ನುವ ವಿಷಯ ನಿಮಗೆ ಅವರಿಂದಲೇ ತಿಳಿಯುವುದು.