ಹೋರಸ್ ಕಣ್ಣಿನಲ್ಲಿ 1/64 ಭಾಗ ಎಲ್ಲಿ ಹೋಯಿತು?

ಪ್ರಶ್ನೆ: ಮೇಡಂ, ಹಳೇ ಈಜಿಪ್ಟಿನವರು ಕಟ್ಟಿಕೊಳ್ಳುತ್ತಿದ್ದ ಹೋರಸ್ ಕಣ್ಣಿನ ತಾಯಿತದಲ್ಲಿ ಆರು ಭಾಗಗಳಿವೆಯಂತೆ. ಒಂದೊಂದಕ್ಕೂ ಒಂದೊಂದು ಭಿನ್ನರಾಶಿಯಂತೆ. ಎಲ್ಲ ಕೂಡಿದರೆ 63/64 ಬರುತ್ತದೆ. ಉಳಿದ 1/64 ಎಲ್ಲಿ ಹೋಯಿತು? ಆ ಕಾಣದ ಭಾಗದಲ್ಲೇ ತಾಯಿತದ ಶಕ್ತಿ ಇದೆ ಅನ್ನುವುದು ನಿಜವೇ?

ಎಲ್ಲೂ ಹೋಗಿಲ್ಲ. ಕಳೆದೇ ಇರಲಿಲ್ಲ.

ಈಜಿಪ್ಟಿನ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಈ ಪ್ರಶ್ನೆ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಮೊನ್ನೆ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಕಣ್ಣು ಬಿಡಿಸಿ, ಆರೂ ಸಂಖ್ಯೆಗಳನ್ನು ತಪ್ಪಿಲ್ಲದೆ ಬರೆದಳು. ಒಂದು ಮೂಲೆ 1/2, ಪಾಪೆ 1/4, ಹುಬ್ಬು 1/8, ಇನ್ನೊಂದು ಮೂಲೆ 1/16, ಕೆಳಗಿನ ಸುರುಳಿ 1/32, ಕಣ್ಣೀರಿನಂತೆ ಇಳಿದ ಗೆರೆ 1/64. ಕೂಡಿಸಿದಳು. 63/64. ಆ ಮಗುವಿನ ಲೆಕ್ಕ ಪೂರ್ತಿ ಸರಿ. ಅವಳಿಗೆ ಯಾರೋ ಹೇಳಿಕೊಟ್ಟ ಕಥೆ ಪೂರ್ತಿ ತಪ್ಪು. ಅದಕ್ಕೇ ಈ ಸಲ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕಥೆ ಏನು ಅಂತ ನೋಡೋಣ. ಹೋರಸ್ ಗಿಡುಗದ ರೂಪದ ದೇವರು. ಅವನ ತಂದೆ ಒಸಿರಿಸ್‌ನನ್ನು ಕೊಂದವನು ಸೇಥ್. ರಾಜ್ಯ ಯಾರಿಗೆ ಅಂತ ಹೋರಸ್‌ಗೂ ಸೇಥ್‌ಗೂ ಜಗಳ. ಆ ಜಗಳದಲ್ಲಿ ಹೋರಸ್‌ನ ಕಣ್ಣು ಹೋಗುತ್ತದೆ, ಆಮೇಲೆ ವಾಸಿಯಾಗಿ ವಾಪಸ್ ಬರುತ್ತದೆ. ಹಾಗೆ ವಾಪಸ್ ಬಂದ ಕಣ್ಣಿನ ಹೆಸರು ವೆಜಾತ್. ಮನುಷ್ಯನ ಕಣ್ಣು, ಅದರ ಕೆಳಗೆ ಗಿಡುಗದ ಮುಖದಲ್ಲಿರುವಂಥ ಗೆರೆಗಳು. ಈಜಿಪ್ಟಿನ ತಾಯಿತಗಳಲ್ಲಿ ಇದರಷ್ಟು ಜಾಸ್ತಿ ಸಿಗುವಂಥವು ಕಡಿಮೆ.

ಜನಪ್ರಿಯ ಕಥೆಯಲ್ಲಿ ಸೇಥ್ ಆ ಕಣ್ಣನ್ನು ಆರು ತುಂಡು ಮಾಡುತ್ತಾನೆ. ವಿದ್ಯೆಯ ದೇವರು ಥೋತ್ ತುಂಡುಗಳನ್ನು ಜೋಡಿಸುತ್ತಾನೆ. 1/64 ಮಾತ್ರ ಸಿಗುವುದಿಲ್ಲ, ಅದನ್ನು ಮಂತ್ರಶಕ್ತಿಯಿಂದ ತುಂಬುತ್ತಾನೆ. ಕೇಳಲು ಬಹಳ ಚೆನ್ನಾಗಿದೆ, ಅಲ್ವಾ? ಆದರೆ ಈ ಭಿನ್ನರಾಶಿಗಳು ಬಂದದ್ದು ಪುರಾಣದಿಂದ ಅಲ್ಲ. ಕಣಜದಿಂದ.

ಈಜಿಪ್ಟಿನವರು ಧಾನ್ಯ ಅಳೆಯುತ್ತಿದ್ದ ಅಳತೆಗೆ ಹೆಕತ್ ಅಂತ ಹೆಸರು. ಹೆಚ್ಚುಕಡಿಮೆ 4.8 ಲೀಟರ್. ಅದರ ಅರ್ಧ, ಅರ್ಧದಲ್ಲಿ ಅರ್ಧ, ಹೀಗೆ 1/64ರವರೆಗೆ ಇಳಿಯುತ್ತಿದ್ದರು. ಸೇರು, ಪಾವು, ಅರೆಪಾವು, ಚಟಾಕು ಅಂತ ಅಳೆದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಮಾಡುವುದು ಕೈಗೆ ಸುಲಭ, ಅಷ್ಟೇ. ಈ ಆರು ಅಳತೆಗಳಿಗೆ ಗುಮಾಸ್ತರ ಬರವಣಿಗೆಯಲ್ಲಿ ಆರು ಬೇರೆ ಗುರುತುಗಳಿದ್ದವು. ಆ ಓಡುಬರಹದ ಲಿಪಿಗೆ ಹೈರಾಟಿಕ್ ಅನ್ನುತ್ತಾರೆ.

1911ರಲ್ಲಿ ಗೆಯೋರ್ಗ್ ಮ್ಯೋಲರ್ ಎಂಬ ಜರ್ಮನ್ ವಿದ್ವಾಂಸ ಒಂದು ಊಹೆ ಮಾಡಿದ. ಈ ಆರು ಗುರುತುಗಳು ಹೋರಸ್ ಕಣ್ಣಿನ ಆರು ಭಾಗಗಳಿಂದ ಹುಟ್ಟಿರಬಹುದು ಅಂತ. ಅಲನ್ ಗಾರ್ಡಿನರ್ 1927ರಲ್ಲಿ ತಮ್ಮ ಈಜಿಪ್ಟ್ ಭಾಷೆಯ ವ್ಯಾಕರಣದಲ್ಲಿ ಅದನ್ನು ಸೇರಿಸಿದರು. ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಆ ಪುಸ್ತಕದಿಂದಲೇ ಕಲಿತರು. ಊಹೆ ಪಾಠವಾಯಿತು, ಪಾಠ ಪುರಾಣವಾಯಿತು. ಮ್ಯೋಲರ್ ಮೇಲೆ ನನಗೆ ಕೋಪ ಇಲ್ಲ. ಆಗ ಕೈಯಲ್ಲಿದ್ದ ಸಾಮಗ್ರಿಗೆ ಅದು ಯೋಚಿಸಿ ಮಾಡಿದ ಊಹೆಯೇ. ಬೇಸರ ಆಗುವುದು ಅದು ಬಿದ್ದುಹೋದ ಮೇಲೂ ನಾವು ಅದನ್ನೇ ಮಕ್ಕಳಿಗೆ ಹೇಳಿಕೊಡುತ್ತಿರುವುದಕ್ಕೆ. 2002ರಲ್ಲಿ ಗಣಿತದ ಇತಿಹಾಸಕಾರ ಜಿಮ್ ರಿಟರ್ ಈ ಗುರುತುಗಳ ಹಳೆಯ ರೂಪಗಳನ್ನು ಒಂದೊಂದಾಗಿ ಪರಿಶೀಲಿಸಿ ತೋರಿಸಿದರು. ಕಣ್ಣಿನಿಂದ ಹುಟ್ಟಿದ್ದರೆ ಹಿಂದೆ ಹಿಂದೆ ಹೋದಂತೆ ಕಣ್ಣಿನ ಹೋಲಿಕೆ ಹೆಚ್ಚಬೇಕಿತ್ತು. ಆಗುವುದು ಅದಕ್ಕೆ ಉಲ್ಟಾ. ಹಳೆಯ ಕಾಲಕ್ಕೆ ಹೋದಷ್ಟೂ ಹೋಲಿಕೆ ಕಡಿಮೆಯಾಗುತ್ತದೆ. ಅಂದರೆ ಅಳತೆಯ ಗುರುತುಗಳು ತಮ್ಮ ಪಾಡಿಗೆ ಹುಟ್ಟಿ ಬೆಳೆದವು. ಕಣ್ಣಿಗೂ ಅವಕ್ಕೂ ನಂಟು ಅಂಟಿದ್ದು ಆಮೇಲೆ.

ಇನ್ನು ಆ "ಕಾಣೆಯಾದ" 1/64ಕ್ಕೆ ಬರೋಣ. ಇದನ್ನು ಪೆನ್ನು, ಹಾಳೆ ಹಿಡಿದು ಮಾಡಿ ನೋಡಿ, ಸುಮ್ನೆ ಓದಿ ಬಿಡಬೇಡಿ.

1/64ಕ್ಕಿಂತ ಚಿಕ್ಕದು ಬೇಕಾದಾಗ ಗುಮಾಸ್ತರು ನಿಲ್ಲುತ್ತಿರಲಿಲ್ಲ. ಅವರ ಹತ್ತಿರ ಇನ್ನೊಂದು ಅಳತೆ ಇತ್ತು, ರೋ ಅಂತ. ಒಂದು ಹೆಕತ್‌ಗೆ 320 ರೋ. ಒಂದು ರೋ ಅಂದರೆ ದೊಡ್ಡ ಚಮಚದಷ್ಟು, ಸುಮಾರು 15 ಮಿಲಿಲೀಟರ್. ಹಾಗಾದರೆ 1/64 ಹೆಕತ್ ಅಂದರೆ 5 ರೋ. ಕೈರೋದ ವಸ್ತುಸಂಗ್ರಹಾಲಯದಲ್ಲಿ ಅಖ್ಮೀಮ್ ಹಲಗೆಗಳು ಅಂತ ಇವೆ. ಸುಮಾರು 4000 ವರ್ಷ ಹಳೆಯ ಮರದ ಹಲಗೆಗಳು. ಅದರಲ್ಲಿ ಒಬ್ಬ ಗುಮಾಸ್ತ ಒಂದು ಹೆಕತ್ ಧಾನ್ಯವನ್ನು 3ರಿಂದ, 7ರಿಂದ, 10ರಿಂದ, 11ರಿಂದ, 13ರಿಂದ ಭಾಗಿಸಿದ್ದಾನೆ. ಮೂರು ಪಾಲು ಮಾಡಿದಾಗ ಒಬ್ಬೊಬ್ಬರಿಗೆ ಬರುವುದು ಇಷ್ಟು: 1/4, 1/16, 1/64 ಹೆಕತ್, ಅದರ ಮೇಲೆ 1 2/3 ರೋ.

ಈಗ ಅದನ್ನು ಮೂರರಿಂದ ಗುಣಿಸಿ ತಾಳೆ ನೋಡಿ. 1/4, 1/16, 1/64 ಕೂಡಿದರೆ 21/64. ಮೂರು ಸಲ ಅಂದರೆ 63/64. ಅದೇ ನಿಮ್ಮ 63/64! ಉಳಿದದ್ದು? 1 2/3 ರೋ ಮೂರು ಸಲ, ಅಂದರೆ 5 ರೋ. 5 ರೋ ಅಂದರೆ 1/64. ಒಟ್ಟು ಒಂದು ಹೆಕತ್, ಒಂದು ಕಾಳೂ ಆಚೀಚೆ ಇಲ್ಲ.

ಅವತ್ತು ಬೋರ್ಡಿನ ಮೇಲೆ ಇದನ್ನು ಆ ಹುಡುಗಿಯ ಕೈಯಲ್ಲೇ ಮಾಡಿಸಿದೆ. ಕೊನೆಯ ಸಾಲು ಬರೆದು ಅವಳು ತಿರುಗಿ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕು ಸಾವಿರ ವರ್ಷದ ಹಿಂದಿನ ಒಬ್ಬ ಗುಮಾಸ್ತ ಚಮಚದ ಮೂರನೇ ಒಂದು ಪಾಲಿನವರೆಗೂ ಲೆಕ್ಕ ಬಿಟ್ಟಿಲ್ಲ. ಅಂಥವರಿಗೆ 1/64 ಸಿಗದೆ ದೇವರ ಮೊರೆ ಹೋದರು ಅನ್ನುವುದು ಅವರ ಗಣಿತಕ್ಕೆ ಮಾಡುವ ಅವಮಾನ. ಬರೀ ಅರ್ಧ ಅರ್ಧ ಮಾಡುತ್ತಾ ಹೋದರೆ ಯಾವ ದೇಶದಲ್ಲೂ ಕೊನೆಗೊಂದು ಚೂರು ಉಳಿದೇ ಉಳಿಯುತ್ತದೆ. ಅದು ಅರ್ಧ ಮಾಡುವುದರ ಗುಣ, ಕಣ್ಣಿನ ಗುಟ್ಟಲ್ಲ.

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಆ ಕಣ್ಣಿನ ಹೆಸರೇ. ವೆಜಾತ್ ಅಂದರೆ "ಇಡಿಯಾಗಿರುವುದು", "ವಾಸಿಯಾಗಿ ಚೆನ್ನಾಗಿರುವುದು". ಈಜಿಪ್ಟ್ ಭಾಷೆಯಲ್ಲಿ ತಾಯಿತಕ್ಕಿದ್ದ ಹೆಸರುಗಳಲ್ಲೊಂದು ವೆಜಾ. ಕ್ಷೇಮ ಅನ್ನುವ ಅರ್ಥದ ಮಾತಿಗೂ ಅದೇ ಉಚ್ಚಾರ. ಪೂರ್ತಿಯಾದದ್ದು ಅಂತಲೇ ಹೆಸರಿಟ್ಟ ವಸ್ತುವನ್ನು ಹಿಡಿದು ಇದರಲ್ಲಿ ಒಂದು ಚೂರು ಕಡಿಮೆ ಇದೆ ಅಂದರೆ ಹೇಗೆ? ಊನವಾದದ್ದನ್ನು ಯಾರು ಕಾಯಿಲೆಯ ಮಗುವಿನ ಕೊರಳಿಗೆ ಕಟ್ಟುತ್ತಾರೆ?

ಆರು ಭಾಗ ಅಂದರೆ ಆರು ಇಂದ್ರಿಯಗಳು, ಕಣ್ಣಿನ ಆಕಾರ ಮಿದುಳಿನ ಪೀನಿಯಲ್ ಗ್ರಂಥಿಯ ಆಕಾರ ಅಂತ ಕೇಳುವವರೂ ಇದ್ದಾರೆ. ಅದಕ್ಕೆ ಎರಡೇ ಮಾತು. ಮಮ್ಮಿ ಮಾಡುವಾಗ ಈಜಿಪ್ಟಿನವರು ಮಿದುಳನ್ನು ಮೂಗಿನ ದಾರಿಯಲ್ಲಿ ತೆಗೆದು ಬಿಸಾಡುತ್ತಿದ್ದರು. ಬುದ್ಧಿ ಇರುವುದು ಹೃದಯದಲ್ಲಿ ಅಂತ ನಂಬಿ, ಅದನ್ನು ಮಾತ್ರ ಜೋಪಾನವಾಗಿ ದೇಹದೊಳಗೇ ಬಿಡುತ್ತಿದ್ದರು.

ಹಾಗಾದರೆ ಕಣ್ಣು ಹೇಗೆ ವಾಸಿಯಾಯಿತು? ಥೋತ್ ವಾಸಿ ಮಾಡಿದ ಅಂತ ಹೇಳುವ ಪಠ್ಯಗಳಿವೆ. ನನಗೆ ಇಷ್ಟ ಬೇರೊಂದು. ಐದನೇ ರಾಮ್ಸೆಸ್ ರಾಜನ ಕಾಲದ ಒಂದು ಪಪೈರಸ್ ಸುರುಳಿಯಲ್ಲಿ, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಸುರುಳಿಯಲ್ಲಿ, ಹೋರಸ್ ಮತ್ತು ಸೇಥ್ ಜಗಳದ ಕಥೆ ಉದ್ದಕ್ಕೆ ಬಂದಿದೆ. ಅಲ್ಲಿ ಸೇಥ್ ಎರಡೂ ಕಣ್ಣು ಕಿತ್ತು ಬೆಟ್ಟದ ಮೇಲೆ ಹೂತುಬಿಡುತ್ತಾನೆ. ಹೂತ ಕಣ್ಣುಗಳು ಮೊಳೆತು ತಾವರೆಗಳಾಗುತ್ತವೆ. ಅಳುತ್ತಾ ಬಿದ್ದಿದ್ದ ಹೋರಸ್ ಹಾಥೋರ್ ದೇವಿಯ ಕಣ್ಣಿಗೆ ಬೀಳುತ್ತಾನೆ. ಅವಳು ಒಂದು ಜಿಂಕೆಯನ್ನು ಹಿಡಿದು ಹಾಲು ಕರೆದು, ಕಣ್ಣು ಬಿಡು, ಹಾಲು ಹಾಕುತ್ತೇನೆ ಅನ್ನುತ್ತಾಳೆ. ಬಲಕ್ಕೆ ಹಾಕುತ್ತಾಳೆ, ಎಡಕ್ಕೆ ಹಾಕುತ್ತಾಳೆ. ಕಣ್ಣು ಬರುತ್ತದೆ. ಇಲ್ಲಿ ತುಂಡೂ ಇಲ್ಲ, ಎಣಿಕೆಯೂ ಇಲ್ಲ. ಇರುವುದು ಒಂದು ಹೆಣ್ಣು, ಒಂದಿಷ್ಟು ಹಾಲು.

ವಾಸಿಯಾಗುವುದು, ಇಡಿಯಾಗುವುದು ಅನ್ನುವ ಈ ಎಳೆ ಹಿಡಿದು ನೋಡಿದರೆ ಆ ಕಣ್ಣು ಸಿಕ್ಕ ಜಾಗಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಸಕ್ಕಾರಾದಲ್ಲಿ ಉನಸ್ ರಾಜನ ಪಿರಮಿಡ್ಡಿನ ಒಳಗೋಡೆಗಳ ಮೇಲೆ 4300 ವರ್ಷಕ್ಕೂ ಹಿಂದೆ ಕೆತ್ತಿದ ಮಂತ್ರಗಳಿವೆ. ಸತ್ತ ರಾಜನಿಗೆ ಎಡೆ ಇಡುವಾಗ ರೊಟ್ಟಿ, ಬಿಯರ್, ಎಣ್ಣೆ, ಪ್ರತಿಯೊಂದನ್ನೂ "ಹೋರಸ್‌ನ ಕಣ್ಣು, ತೆಗೆದುಕೋ" ಅಂತಲೇ ಕೊಡುತ್ತಾರೆ. ಏನು ಕೊಟ್ಟರೆ ದೇಹ ಮತ್ತೆ ತುಂಬಿಕೊಳ್ಳುತ್ತದೋ ಅದೆಲ್ಲ ಹೋರಸ್‌ನ ಕಣ್ಣೇ.

ಇನ್ನೊಂದು ವಸ್ತು ಇದೆ, ಅದರ ಫೋಟೋ ತೋರಿಸದೆ ನಾನು ಯಾವ ಪಾಠವನ್ನೂ ಮುಗಿಸುವುದಿಲ್ಲ. ಮಮ್ಮಿ ಮಾಡುವಾಗ ಹೊಟ್ಟೆಯ ಎಡಭಾಗ ಸೀಳಿ ಕರುಳು, ಪಿತ್ತಜನಕಾಂಗ, ಶ್ವಾಸಕೋಶ ತೆಗೆಯುತ್ತಿದ್ದರು. ಸೀಳಿದ ಜಾಗ ಹಾಗೇ ಬಾಯಿ ಬಿಟ್ಟುಕೊಂಡಿರುತ್ತಿತ್ತು. 1940ರಲ್ಲಿ ತಾನಿಸ್ ಎಂಬ ಊರಿನಲ್ಲಿ ಪಿಯೆರ್ ಮೊಂತೆ ತೆರೆದ ಪ್ಸುಸೆನ್ನೆಸ್ ರಾಜನ ಗೋರಿಯಲ್ಲಿ ಆ ಸೀಳಿನ ಮೇಲೆ ಇಡುವ ಚಿನ್ನದ ತಗಡು ಸಿಕ್ಕಿತು. ಅದರ ನಡುವೆ ದೊಡ್ಡದಾಗಿ ಇದೇ ಕಣ್ಣು. ಹೋರಸ್‌ನ ನಾಲ್ವರು ಮಕ್ಕಳು ಅದರ ಪಕ್ಕದಲ್ಲಿ ನಿಂತು ಕೈ ಎತ್ತಿದ್ದಾರೆ. ಗಾಯದ ಬಾಯಿಯ ಮೇಲೆ ಗಾಯ ವಾಸಿಯಾದ ಕಣ್ಣು. ಇದಕ್ಕೆ ಭಿನ್ನರಾಶಿ ಯಾಕೆ ಬೇಕು ಹೇಳಿ.

ಚಿನ್ನ ರಾಜರಿಗಾಯಿತು. ತುತನ್‌ಖಾಮನ್ ಮಮ್ಮಿಯ ಬಟ್ಟೆಯ ಸುತ್ತುಗಳ ನಡುವೆ 140ಕ್ಕೂ ಹೆಚ್ಚು ಒಡವೆ, ತಾಯಿತಗಳಿದ್ದವು. ಊರಿನ ಜನ ಕಟ್ಟಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಫಯಾನ್ಸ್‌ನದು. ಬೆಣಚುಕಲ್ಲಿನ ಪುಡಿಗೆ ಸ್ವಲ್ಪ ಸುಣ್ಣ, ಸ್ವಲ್ಪ ಕ್ಷಾರ ಬೆರೆಸಿ ಕಲಸುತ್ತಾರೆ. ಮಣ್ಣಿನ ಚಿಕ್ಕ ಅಚ್ಚಿಗೆ ಹೆಬ್ಬೆರಳಿನಿಂದ ಒತ್ತುತ್ತಾರೆ. ದಾರಕ್ಕೆ ತೂತು ಬಿಟ್ಟು ಸುಡುತ್ತಾರೆ. ತಾಮ್ರ ಸೇರಿದ್ದರಿಂದ ಹೊಳೆಯುವ ನೀಲಿ ಹಸಿರು ಬಣ್ಣ ಬರುತ್ತದೆ. ಅವರ ಭಾಷೆಯಲ್ಲಿ ಅದರ ಹೆಸರೇ "ಹೊಳೆಯುವುದು". ಅಮಾರ್ನಾ ಊರನ್ನು ಅಗೆದಾಗ ಇಂಥ ಅಚ್ಚುಗಳು ರಾಶಿ ರಾಶಿ ಸಿಕ್ಕವು. ತಾಯಿತ ಬರೀ ಹೆಣಕ್ಕೆ ಕಟ್ಟುವ ವಸ್ತು ಅಂದುಕೊಂಡವರು ಆ ಅಚ್ಚುಗಳನ್ನು ನೋಡಬೇಕು. ಬದುಕಿದ್ದವರೂ ದಿನಾ ಕಟ್ಟಿಕೊಳ್ಳುತ್ತಿದ್ದರು.

ಇಲ್ಲಿಗೆ ಪ್ರಶ್ನೆಗೆ ಉತ್ತರ ಆಯಿತು. ಆದರೆ ಯಾರೂ ಕೇಳದ ಒಂದು ವಿಷಯ ಇದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಎಲ್ಲರೂ ಕಣ್ಣು, ಜೀರುಂಡೆ, ತಲೆಯಲ್ಲಿ ಕುಣಿಕೆ ಇರುವ ಶಿಲುಬೆಯಂಥ ಅಂಖ್ ಅಂತ ಆಕಾರಗಳ ಬಗ್ಗೆಯೇ ಕೇಳುತ್ತೀರಿ. ನಾವು ತಾಯಿತ ಅಂದಾಗ ನೆನಪಾಗುವ, ಒಳಗೆ ಬರಹ ಇಟ್ಟು ಮುಚ್ಚಿದ ಕೊಳವೆ ಅವರಲ್ಲಿ ಇತ್ತಾ ಅಂತ ಯಾರೂ ಕೇಳುವುದಿಲ್ಲ.

ಇತ್ತು. ಸುಮಾರು 3000 ವರ್ಷದ ಹಿಂದೆ, ಹೆಚ್ಚಾಗಿ ಥೀಬ್ಸ್ ನಗರದ ಕಡೆ. ಪಪೈರಸ್ಸಿನ ಪಟ್ಟಿ, ಅಗಲ ಕೆಲವೇ ಬೆರಳು, ಉದ್ದ ಮಾತ್ರ ಜಾಸ್ತಿ. ಅದರ ಮೇಲೆ ಚಿಕ್ಕ ಅಕ್ಷರದಲ್ಲಿ ದೇವರ ಮಾತು. ಬಿಗಿಯಾಗಿ ಸುತ್ತಿ ಕೊಳವೆಯೊಳಗೆ ಹಾಕಿ ಕೊರಳಿಗೆ ಕಟ್ಟುವುದು. ಐ. ಇ. ಎಸ್. ಎಡ್ವರ್ಡ್ಸ್ ಎಂಬ ವಿದ್ವಾಂಸರು 1960ರಲ್ಲಿ ಇವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಇಲ್ಲಿ ಬೇಡಿಕೊಳ್ಳುವುದು ಮನುಷ್ಯರಲ್ಲ. ದೇವರೇ "ನಾನು" ಅಂತ ಮಾತು ಕೊಡುತ್ತಾನೆ, ಸರ್ಕಾರಿ ಆದೇಶದ ಹಾಗೆ. ಇಂಥವಳ ಮಗಳು ಇಂಥವಳನ್ನು ನಾನು ಕಾಯುತ್ತೇನೆ. ಹಾವಿನಿಂದ ಕಾಯುತ್ತೇನೆ, ಚೇಳಿನಿಂದ ಕಾಯುತ್ತೇನೆ, ಮೊಸಳೆಯಿಂದ ಕಾಯುತ್ತೇನೆ. ಕಾಯಿಲೆಯಿಂದ ಕಾಯುತ್ತೇನೆ. ಮೈಮೇಲೆ ಗೋಡೆ ಕುಸಿಯದಂತೆ ಕಾಯುತ್ತೇನೆ.

ಆ ಗೋಡೆಯ ಸಾಲು ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಹಸಿ ಇಟ್ಟಿಗೆಯ ಮನೆ, ಅದರ ನೆರಳಿನಲ್ಲಿ ಆಡುವ ಮಗು. ಗುಮಾಸ್ತನ ಮುಂದೆ ಕೂತು ತಾಯಿಯೊಬ್ಬಳು, ಹಾವು ಬರೆದಾಯ್ತು, ಚೇಳು ಬರೆದಾಯ್ತು, ಗೋಡೆ ಒಂದು ಸೇರಿಸಪ್ಪ ಅಂದಿರಬೇಕು ಅನಿಸುತ್ತದೆ.